ಮೌನಿಯ ಅಂಗಡಿಯ ಡೇರೆ ಹೂಗಳು

ಆ ಬೀದಿಯ ಕ್ಷೌರಿಕನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಅವನ ಅಪ್ಪನ ಕಾಲದಲ್ಲಿ ಅದೇ ಅಂಗಡಿ ಮಾತಿನ ಸಂತೆಯಾಗಿತ್ತು. ಬೋಳುತಲೆಯವರೂ ಹರಟೆಗೆಂದು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮಗನ ಕಾಲಕ್ಕೆ ಅಲ್ಲಿ ಕೇಳಿಸುತ್ತಿದ್ದುದು ಕತ್ತರಿಯ ಕಚಕಚ ಮಾತ್ರ. ಕೈಕೆಲಸದಲ್ಲಿ ಅವನಿಗೆ ಸಾಟಿಯಿರಲಿಲ್ಲ, ಆದರೆ "ಚಿಕ್ಕದು ಮಾಡಲಾ?" ಎಂದು ಕೇಳಿದರೆ ಅಲ್ಲಿಗೆ ಅವನ ಮಾತು ಮುಗಿಯಿತು.

ಮಹಡಿಯ ಮೇಲಿನ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಿದ್ದಳು.

"ಗಿರಾಕಿಗಳ ಹತ್ರ ನಾಲ್ಕು ಮಾತಾಡಬಾರದಾ? ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತಾ?"

"ಏನು ಮಾತಾಡಲಿ?" ಎನ್ನುತ್ತಿದ್ದ. ಅದು ನೆಪವಲ್ಲ. ಅವನಿಗೆ ನಿಜವಾಗಿಯೂ ಏನೂ ತೋಚುತ್ತಿರಲಿಲ್ಲ.

ಪಕ್ಕದಲ್ಲಿ ಬೇಕರಿ ನಡೆಸುವ ಹೆಂಗಸನ್ನು ಅವನು ಅಕ್ಕ ಎಂದು ಕರೆಯುತ್ತಿದ್ದ. ಅವಳ ಹಿಂಬಾಗಿಲಲ್ಲಿ ಹಳೆಯ ಎಣ್ಣೆ ಡಬ್ಬದೊಳಗೆ ಒಂದು ಡೇರೆ ಗಿಡವಿತ್ತು. ಡೇಲಿಯಾ ಅನ್ನುತ್ತಾರಲ್ಲ, ಅದೇ. ತಟ್ಟೆಯಷ್ಟಗಲ, ಕಡುಗೆಂಪು ಹೂ. ಮೌನಿ ದಿನಾ ಅದರ ಮುಂದೆ ಒಂದು ಗಳಿಗೆ ನಿಲ್ಲುವುದನ್ನು ಕಂಡಿದ್ದ ಅಕ್ಕ, ಒಣಗಿದ ಹೂವೊಂದನ್ನು ಬ್ರೆಡ್ಡಿನ ಕಾಗದದಲ್ಲಿ ಸುತ್ತಿ ಅವನ ಕೈಗಿತ್ತಳು.

"ಬೀಜ ಕಣೋ. ಹುಟ್ಟಿದ್ರೆ ನಿನ್ನ ಅದೃಷ್ಟ."

ಉಗುರಿನ ಚೂರಿನಂಥ ಕಪ್ಪು ಬೀಜಗಳು. ಬೇಕರಿಯಲ್ಲಿ ಬಿಸಾಡಿದ್ದ ಕೇಕಿನ ತಟ್ಟೆಗೆ ಮಣ್ಣು ತುಂಬಿ, ಅವನು ಅವುಗಳನ್ನು ಬಿತ್ತಿ ಮನೆಯ ಬಾಲ್ಕನಿಯಲ್ಲಿಟ್ಟ.

"ಈ ನೆರಳಲ್ಲಿ ಬೀಜ ಮೊಳೆಯುತ್ತಾ? ಅಂಗಡಿ ಕಿಟಕಿಗೆ ಬೆಳಿಗ್ಗೆಯೆಲ್ಲ ಬಿಸಿಲು ಬರುತ್ತೆ. ಅಲ್ಲಿಡಿ," ಎಂದಳು ಹೆಂಡತಿ.

ಹಾಗೆ ತಟ್ಟೆ ಕೆಳಗಿಳಿಯಿತು. ತಲೆಗೆ ನೀರು ಚಿಮುಕಿಸುವ ಬಾಟಲಿಯಿಂದಲೇ ಅದಕ್ಕೂ ನೀರು. ಕೆಲವು ದಿನಗಳಲ್ಲಿ ಮಣ್ಣು ಬಿರುಕುಬಿಟ್ಟು ಹಸಿರು ಕುತ್ತಿಗೆಗಳು ಮೇಲೆದ್ದವು.

ಕುರ್ಚಿಯಲ್ಲಿ ಕೂತಿದ್ದ ಟ್ಯಾಕ್ಸಿ ಡ್ರೈವರ್ ಸುಮ್ಮನೆ ಕೇಳಿದ, "ಏನಣ್ಣ ಅದು, ಮೆಣಸಿನ ಸಸಿನಾ?"

"ಡೇರೆ," ಎಂದ ಮೌನಿ. ಅಷ್ಟಕ್ಕೇ ನಿಲ್ಲಲಿಲ್ಲ. "ಮೊದಲ ಎರಡೆಲೆ ನುಣುಪು ನೋಡು. ಆಮೇಲೆ ಬರೋ ಎಲೆಗೆ ಅಂಚಲ್ಲಿ ಗರಗಸದ ಹಲ್ಲಿರುತ್ತೆ. ಅಗೋ, ಆ ಮೂಲೇದಕ್ಕೆ ಬರ್ತಾ ಇದೆ. ಅದರ ಪಕ್ಕದ್ದು ಸ್ವಲ್ಪ ಸೋಮಾರಿ."

ಡ್ರೈವರ್ ಕತ್ತಿನ ಬಟ್ಟೆ ಬಿಚ್ಚುವುದನ್ನೂ ಮರೆತು ಕೇಳಿಸಿಕೊಂಡ. ಆಮೇಲೆ ಹೋಗಿ ಬೀದಿಗೆಲ್ಲ ಡಂಗುರ ಸಾರಿದ: "ಮೌನಿ ಬಾಯಿಬಿಟ್ಟ!" ನಿಜವೋ ಸುಳ್ಳೋ ನೋಡೋಣವೆಂದು ಬಂದವರಿಂದ ಬೆಂಚು ಮತ್ತೆ ತುಂಬಿತು.

ಸಸಿಗಳು ಗೇಣುದ್ದ ಬೆಳೆದಾಗ ಅಕ್ಕ ಹೇಳಿದಳು, "ಈಗ ತುದಿಕುಡಿ ಚಿವುಟಬೇಕು. ಆಗಲೇ ಕವಲು ಒಡೆಯೋದು."

ಮೌನಿ ಕೈ ಮುಂದೆ ಚಾಚಿದ, ಹಿಂದೆಳೆದುಕೊಂಡ. ಮತ್ತೆ ಚಾಚಿದ.

"ಊರ ತಲೆಗೆಲ್ಲ ಕತ್ತರಿ ಆಡಿಸ್ತೀರಿ, ಇದಕ್ಕೆ ಕೈ ನಡುಗುತ್ತಾ?" ಹೆಂಡತಿ ನಕ್ಕಳು.

"ಕೂದಲು ಮತ್ತೆ ಬರುತ್ತೆ ಕಣೇ."

"ಇದೂ ಬರುತ್ತೆ. ಆ ಕಡೆ ತಿರುಗಿ!"

ಅವನು ಗೋಡೆಗೆ ಮುಖ ಮಾಡಿ ನಿಂತ. ಅವಳು ಪಟಪಟನೆ ಕುಡಿಗಳನ್ನು ಚಿವುಟಿ ಮುಗಿಸಿದಳು. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ತಟ್ಟೆಯಿಂದ ಕಿತ್ತು ಕುಂಡಗಳಿಗೆ ನೆಟ್ಟ ಗಿಡಗಳು ಪೊದೆಯಾದವು. ಕುಂಡಗಳು ಅಂಗಡಿಯ ಮೆಟ್ಟಿಲು ತುಂಬಿ ಬಾಗಿಲ ಎರಡೂ ಬದಿಗೆ ಹರಡಿಕೊಂಡವು. ಮೊಗ್ಗು ಕಂಡಾಗಿನಿಂದ ಮೌನಿಗೆ ನಿದ್ದೆ ಬರುತ್ತಿರಲಿಲ್ಲ. ತಟ್ಟೆಯಷ್ಟಗಲದ ಕೆಂಪು ಹೂ ಸಾಲುಸಾಲಾಗಿ ಅರಳುವುದನ್ನು ಅವನು ಮನಸ್ಸಿನಲ್ಲೇ ನೋಡಿಬಿಟ್ಟಿದ್ದ.

ಮೊದಲ ಹೂ ಅರಳಿತು. ತಿಳಿಹಳದಿ. ಒಂದೇ ಸುತ್ತು ಎಸಳು. ಅಂಗೈಯಷ್ಟೂ ಇಲ್ಲ.

ಅವನ ಮುಖ ಸಣ್ಣಗಾಯಿತು. "ಅಕ್ಕಾ, ಕೆಟ್ಟುಹೋಯ್ತು!" ಎಂದು ಕೂಗಿದ.

ಹಿಟ್ಟಿನ ಕೈಯಲ್ಲೇ ಓಡಿಬಂದ ಅಕ್ಕ ಹೂವನ್ನೂ ಅವನನ್ನೂ ನೋಡಿ ಜೋರಾಗಿ ನಕ್ಕಳು. "ಬೀಜದಿಂದ ಬಂದದ್ದು ತಾಯಿ ಥರಾನೇ ಇರಬೇಕು ಅಂತ ಯಾರು ಹೇಳಿದ್ರು? ನಿಮ್ಮಪ್ಪನ್ನ ನೋಡು, ನಿನ್ನ ನೋಡು!"

ಬೆಂಚಿಗೆ ಬೆಂಚೇ ನಕ್ಕಿತು. ಮೌನಿಯೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಹೆಂಡತಿ ಮಾತ್ರ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಎಷ್ಟು ಚೆನ್ನಾಗಿದೆ ರೀ. ಇಂಥದ್ದು ಬೀದೀಲಿ ಬೇರೆ ಯಾರ ಹತ್ರಾನೂ ಇಲ್ಲ," ಎಂದಳು. ಅವನೂ ಪಕ್ಕದಲ್ಲಿ ಕೂತು ನೋಡಿದ. ನೋಡುತ್ತ ನೋಡುತ್ತ ಹಳದಿ ಅವನಿಗೆ ಹಿಡಿಸಿತು.

ಎರಡನೆಯದು ಬಿಳಿ ತುದಿಯ ಗುಲಾಬಿ ಬಣ್ಣದ್ದು. ಆಮೇಲೆ ಕಿತ್ತಳೆ. ಆಮೇಲೊಂದು ನೇರಳೆ, ಎಸಳೆಲ್ಲ ಕೆದರಿಕೊಂಡು ಈಗಷ್ಟೇ ಹಾಸಿಗೆಯಿಂದ ಎದ್ದು ಬಂದವರ ತಲೆಯ ಹಾಗೆ. ಒಂದರಂತೆ ಇನ್ನೊಂದಿಲ್ಲ. ಜನ ಪ್ರತಿ ಮೊಗ್ಗಿನ ಮೇಲೂ ಪಂದ್ಯ ಕಟ್ಟಿ ಸೋತರು. ಮೌನಿ ವಿವರಣೆಯಲ್ಲಿ ಮುಳುಗಿದಾಗ, "ಅಣ್ಣ, ಇನ್ನೂ ಅರ್ಧ ಗಡ್ಡ ಉಳಿದಿದೆ," ಎಂದು ಗಿರಾಕಿಯೇ ನೆನಪಿಸಬೇಕಾಯಿತು.

ಹೂಗಾಲ ಮುಗಿದು ಗಿಡ ಒಣಗಿದ ಮೇಲೆ, ರಜೆಯ ದಿನ ಗಂಡಹೆಂಡತಿ ಕುಂಡಗಳನ್ನು ಬೋರಲು ಹಾಕಿದರು. ಒಂದೊಂದರ ಬುಡದಲ್ಲೂ ಪುಟ್ಟ ಗೆಣಸಿನಂಥ ಗೆಡ್ಡೆಗಳ ಗೊಂಚಲು. ಮಾತಿನ ಭರದಲ್ಲಿ ಇಬ್ಬರೂ ಎಲ್ಲವನ್ನೂ ಒಂದೇ ರಾಶಿ ಮಾಡಿಬಿಟ್ಟರು.

"ಅಯ್ಯೋ, ಇದರಲ್ಲಿ ಹಳದಿ ಯಾವುದು?" ಎಂದಳು ಅವಳು.

"ಇದೇ ಇರಬೇಕು. ಅಲ್ಲ, ಅದು."

"ನಿಮಗೂ ಗೊತ್ತಿಲ್ಲ!"

ಮೊಳಕೆ ಒಡೆಯುವ ಕಣ್ಣಿರುವ ಗೆಡ್ಡೆಗಳನ್ನು ಬಿಡಿಸಿ ಮೌನಿ ಕ್ಷೌರಕ್ಕೆ ಬಂದವರಿಗೆಲ್ಲ ಒಂದೊಂದು ಕೊಟ್ಟು ಕಳಿಸಿದ. ಮರುವರ್ಷ ಬೀದಿಯ ಬಾಲ್ಕನಿಗಳಲ್ಲಿ, ಹೊಲಿಗೆ ಅಂಗಡಿಯ ಜಗಲಿಯಲ್ಲಿ, ಟ್ಯಾಕ್ಸಿ ನಿಲ್ದಾಣದ ತಗಡಿನ ಶೆಡ್ಡಿನ ಪಕ್ಕದಲ್ಲಿ ಡೇರೆ ಅರಳಿತು. ಡ್ರೈವರ್ ಹಾರ್ನ್ ಹೊಡೆಯುತ್ತ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ತಲೆ ಹೊರಹಾಕಿದ.

"ಅಣ್ಣಾ, ನನ್ನದು ನೇರಳೆ! ಅದೇ, ಕೆದರಿದ ತಲೇದು!"

"ಮುಟ್ಟಬೇಡ, ಬಂದೆ!" ಎಂದು ಮೌನಿ ನೊರೆ ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ನೋಡಲು ಓಡಿದ.