ದರ್ಜಿಯಮ್ಮನ ಮನವಿ

ಬೀದಿಯ ಕೊನೆಯ ದರ್ಜಿಯಮ್ಮನ ಅಂಗಡಿಗೆ ಹೋದವರು ಸಹಿ ಹಾಕದೆ ಹೊರಗೆ ಬಂದದ್ದಿಲ್ಲ. ಸೊಂಟಕ್ಕೆ ಟೇಪು ಸುತ್ತಿ ಬಿಗಿ ಹಿಡಿದಳೆಂದರೆ ಯಾರು ತಾನೇ ಓಡಿಯಾರು? "ಉಸಿರು ಬಿಡಿ, ಹಾಗೇ ಮೊಬೈಲೂ ತೆಗೀರಿ," ಎನ್ನುತ್ತಾಳೆ. ಎದುರಿನ ಸಿಗ್ನಲ್ಲಿಗೆ, ಕಣ್ಣು ಕಾಣದವರಿಗೂ ತಿಳಿಯುವ ಹಾಗೆ, ಸದ್ದು ಮಾಡುವ ಯಂತ್ರ ಕೂರಿಸಿ ಎಂಬುದು ಅವಳ ಆನ್‌ಲೈನ್ ಮನವಿ. ಮೊದಲು ಚರಂಡಿ, ಬೀದಿದೀಪ, ನಾಯಿಕಾಟ ಎಲ್ಲ ಸೇರಿಸಿ ಮಾರುದ್ದ ಬರೆಸಿದ್ದಳು; ಸೊಸೆ ಬಿಟ್ಟು ಇನ್ಯಾರೂ ಓದಲಿಲ್ಲ. "ಅತ್ತೆ, ಒಂದೇ ಬೇಡಿಕೆ ಇಡಿ, ಮಾಡಿಕೊಡಬೇಕಾದ ಅಧಿಕಾರಿಗೇ ಬರೀರಿ, ಮೇಲೆ ಮಾವನ ಫೋಟೋ ಹಾಕಿ," ಎಂದಳು ಸೊಸೆ. ಕತ್ತರಿ ಹಿಡಿದ ಕೈಯಲ್ಲವೇ, ಅಷ್ಟು ಉಳಿಸಿ ಮಿಕ್ಕದ್ದನ್ನೆಲ್ಲ ಕತ್ತರಿಸಿ ಬಿಸಾಡಿದಳು. ಈಗ ಅಂಗಿ ಒಯ್ಯಲು ಬಂದವರಿಗೆಲ್ಲ, "ನಿಮ್ಮ ಆಫೀಸಿನ ಗ್ರೂಪಿಗೂ ಕಳಿಸಿ, ಉದುರಿದ ಗುಂಡಿ ಪುಕ್ಕಟೆ ಹಾಕಿಕೊಡ್ತೀವಿ," ಎಂದು ಆಸೆ ಹಚ್ಚುತ್ತಾಳೆ. ಮೂಲೆಯಲ್ಲಿ ಬೆರಳಲ್ಲೇ ತಡವಿ ಗುಂಡಿ ಹೊಲಿಯುವ, ಕಣ್ಣು ಕಾಣದ ಗಂಡ ನಗುತ್ತಾನೆ: "ಕೈ ಹಿಡಿದು ದಾಟಿಸೋಕೆ ನೀನಿದ್ದೀಯಲ್ಲೇ, ಯಾಕಿಷ್ಟು ಒದ್ದಾಟ?" "ನಾನಿಲ್ಲದ ದಿನಕ್ಕೆ," ಎಂದು ಅವಳು ಅವನ ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ. ನಿನ್ನೆ ನಗರಸಭೆಯವರು ಬಂದು ಸಿಗ್ನಲ್ ಕಂಬವನ್ನು ಅಳೆದುಕೊಂಡು ಹೋದರು. "ಬರೀ ಅಳೆದ್ರು ಅಷ್ಟೇ ತಾನೇ?" ಎಂದು ಗಿರಾಕಿಯೊಬ್ಬ ಮೂಗು ಮುರಿದ. ದರ್ಜಿಯಮ್ಮನ ಮುಖ ಮಾತ್ರ ಅರಳಿಯೇ ಇತ್ತು: "ಅಳತೆ ತಗೊಂಡ ಮೇಲೆ ಹೊಲೀದೆ ಇರ್ತಾರೇನಪ್ಪಾ?"