ಹಗ್ಗದ ಮೇಲೆ ಹಾಕದ ಚೀಲ

ಅವತ್ತು ನಾನು ಹಗ್ಗದ ಮೇಲೆ ಚೀಲ ಹಾಕಿರಲಿಲ್ಲ, ಗುರಣ್ಣಾರೇ. ಹಾಕಿದ್ದೇನೆ ಎಂದು ಎರಡು ಸಲ ಸುಳ್ಳು ಹೇಳಿದೆ. ಒಂದು ಸಲ ನನ್ನ ಗಂಡನಿಗೆ. ಇನ್ನೊಂದು ಸಲ ನಿಮಗೆ, ರಾಣೇಬೆನ್ನೂರಿನ ನಿಮ್ಮ ಅಂಗಡಿಯ ಕಟ್ಟೆಯ ಮೇಲೆ, ಜನರೆದುರು. ಮೊದಲನೆಯದಕ್ಕೆ ಕ್ಷಮೆ ಕೇಳೋಣವೆಂದರೆ ಆ ಮನುಷ್ಯ ಇಲ್ಲ. ಎರಡನೆಯದಕ್ಕೆ ನೀವಿದ್ದೀರಿ — ಐದು ವರ್ಷದಿಂದ ಅಲ್ಲೇ ಇದ್ದೀರಿ. ಬಸ್ಸು ನಿಮ್ಮ ರಸ್ತೆಗೆ ತಿರುಗಿದಾಗಲೆಲ್ಲ ನಾನು ಸೆರಗು ಮುಂದೆ ಎಳೆದುಕೊಂಡು ಆಚೆ ಬದಿಯ ಕಿಟಕಿ ನೋಡುತ್ತ ಕೂತಿದ್ದೇನೆ.

ನಾನು ಮೋಟೆಬೆನ್ನೂರಿನ ಶಾಂತವ್ವ, ಜೀಪಿನ ಮಲ್ಲೇಶಪ್ಪನ ಹೆಂಡತಿ. ಹೆಸರಿನಿಂದ ಗುರುತು ಹತ್ತದಿದ್ದರೂ ಹರಿದ ಹಗ್ಗ ಎಂದರೆ ನಿಮಗೆ ನೆನಪಾಗುತ್ತದೆ.

ಮೊದಲ ಸಲ ನಾವು ನಿಮ್ಮ ಅಂಗಡಿಗೆ ಬಂದದ್ದು ವಿಂಚ್ ಆರಿಸಲು. ಮಳೆ ಬಂದರೆ ನಮ್ಮ ಕಡೆಯ ಎರಿ ಹೊಲದ ಕರಿ ಮಣ್ಣಿನಲ್ಲಿ ಗಾಡಿಗಳು ಹೂತುಹೋಗುತ್ತವೆ. ಯಾರು ಕರೆದರೂ ಇವರು ಜೀಪು ತೆಗೆದುಕೊಂಡು ಓಡುವವರು — ಗುತ್ತಲ, ಐರಣಿಯ ಹೊಳೆದಂಡೆಯ ಉಸುಕು, ಎಲ್ಲಿಗಾದರೂ. ಸಾದಾ ಹಗ್ಗ ಕಟ್ಟಿ ಎಳೆಯಲು ಹೋಗಿ ಜೀಪೂ ಹೂತ ಮೇಲೆ, ಮುಂದಿನ ಬಂಪರಿಗೆ ಕೂರಿಸುವ ಆ ಯಂತ್ರ ಬೇಕೇ ಬೇಕು ಎಂದು ಹಟ ಹಿಡಿದರು. ಜೀಪು ನಿಂತಲ್ಲೇ ನಿಂತು, ಯಂತ್ರ ಹಗ್ಗ ಸುತ್ತಿಕೊಳ್ಳುತ್ತ ಎದುರಿನ ಗಾಡಿಯನ್ನು ಎಳೆಯುತ್ತದೆ.

ನೀವು ಹೇಳಿದ್ದೆಲ್ಲ ನನಗೆ ಇವತ್ತಿಗೂ ಬಾಯಿಪಾಠ. "ಗಾಡಿ ತೂಕ ಎಷ್ಟೈತೋ ಅದರ ಒಂದೂವರಿ ಪಟ್ಟು ಎಳಿಯೂದು ತಗೋರಿ. ಎರಿ ಮಣ್ಣಾಗ ಅದೂ ಸಾಲೂದಿಲ್ಲ" ಅಂದಿರಿ. ಮರಕ್ಕೆ ಸುತ್ತುವ ಅಗಲ ಪಟ್ಟಿ, ಕೊಂಡಿ, ಚರ್ಮದ ಕೈಗವಸು ಒಂದೊಂದಾಗಿ ಇಟ್ಟಿರಿ. ಹಗ್ಗದಲ್ಲಿ ಎರಡು ಬಗೆ ತೋರಿಸಿ, ನೂಲಿನಂಥದ್ದು ಹರಿದರೆ ಹೊಡೆತ ಕಡಿಮೆ ಎಂದಿರಿ. ಇವರು ನಕ್ಕರು. "ನೂಲಿನ ಹಗ್ಗ ಮನ್ಯಾಗ ಎಮ್ಮಿಗೆ ಕಟ್ಟೇವ್ರಿ. ನಮಗ ಉಕ್ಕಿಂದ ಕೊಡ್ರಿ."

ಉಕ್ಕಿನದಾದರೆ ಎಳೆಯುವಾಗ ಅದರ ನಡುವೆ ಭಾರ ಹೊದಿಸಲೇಬೇಕು, ಹರಿದರೆ ಹಾರದೆ ನೆಲಕ್ಕೆ ಬೀಳಬೇಕು ಎಂದು ನೀವು ದಪ್ಪ ಬಟ್ಟೆಯ ಹೊದಿಕೆಯೊಂದನ್ನು ತೆಗೆದಿರಿ. ಇವರು ಅದನ್ನೂ ದೂರ ಸರಿಸಿದರು.

"ಬ್ಯಾಡಗಿ ಕಡೆಯವರಿಗೆ ಚೀಲ ಮಾರ್ತೀರೇನ್ರಿ?"

ನೀವೂ ನಕ್ಕಿರಿ. "ಆತು, ಗೋಣಿ ಚೀಲನ ಹಾಕ್ರಿ. ಆದ್ರ ನೀರಾಗ ಅದ್ದಿ ಹಾಕ್ರಿ, ಒಣಾ ಚೀಲ ಕೆಲಸಕ್ಕ ಬರೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇವರು ಮಾತು ಕೇಳೂ ಪೈಕಿ ಅಲ್ಲ. ಚೀಲ ನಿಮ್ಮ ಪಾಲಿಂದರಿ, ಅಕ್ಕಾರ" ಎಂದಿರಿ.

ಎರಡು ವರ್ಷ ಅದು ನನ್ನ ಪಾಲಿನದೇ ಆಗಿತ್ತು. ಕರೆ ಬಂದರೆ ನಾನೂ ಜೀಪು ಹತ್ತುತ್ತಿದ್ದೆ. ಇವರು ಕೊಂಡಿ ಹಾಕಿ, ಸ್ವಿಚ್ಚು ಕೈಯಲ್ಲಿ ಹಿಡಿದು ಬಂಪರಿನ ಪಕ್ಕ ನಿಲ್ಲುತ್ತಿದ್ದರು. "ಚೀಲ ಹಾಕೀದೇನ?" "ಹಾಕೇನ್ರಿ." ಅಷ್ಟಾದ ಮೇಲೆಯೇ ಗುಂಡಿ ಒತ್ತುವುದು. ತಿರುಗಿ ನೋಡುತ್ತಿರಲಿಲ್ಲ. ನೋಡುವ ಅಗತ್ಯ —

ಆ ಸುಗ್ಗಿಯಲ್ಲಿ ನಾಲ್ಕು ದಿನ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದ್ದೆ. ಬೆರಳ ತುದಿಗಳು ಸುಲಿದಿದ್ದವು. ಮಧ್ಯಾಹ್ನ ಹೊತ್ತಲ್ಲದ ಹೊತ್ತಿನ ಮಳೆ. ಗುತ್ತಲದ ದಾರಿಯಲ್ಲಿ ಕಾಯಿ ಹೇರಿದ ಟೆಂಪೊ ಹೂತಿದೆ ಎಂದು ಫೋನು ಬಂತು. ನಮ್ಮ ಹಳೆಯ ಚೀಲ ಹರಿದಿತ್ತು. ಅಂಗಳದಲ್ಲಿದ್ದ ಮೆಣಸಿನಕಾಯಿಯ ಖಾಲಿ ಚೀಲವನ್ನೇ ಜೀಪಿಗೆ ಎಸೆದುಕೊಂಡು ಹೋದೆ. ಅಲ್ಲಿ ದಾರಿ ಬದಿಯ ನೀರಿನಲ್ಲಿ ಅದರ ಒಂದು ಮೂಲೆ ಅದ್ದಿದ್ದೇ ತಡ, ಖಾರವೆಲ್ಲ ಬಿಟ್ಟುಕೊಂಡು ಸುಲಿದ ಕೈಗೆ ಬೆಂಕಿ ಹತ್ತಿದಂತಾಯಿತು. ಒಂದು ಸಲ ಹಾಕದಿದ್ದರೆ ಏನಾದೀತು ಎಂದುಕೊಂಡೆ. ಚೀಲವನ್ನು ಜೀಪಿನೊಳಗೆ ಹಿಂದಕ್ಕೆ ಎಸೆದೆ.

"ಚೀಲ ಹಾಕೀದೇನ?"

"ಹಾಕೇನ್ರಿ."

ಹಗ್ಗ ಹರಿದ ಸಪ್ಪಳ ಒಂದೇ. ಇವರು ಕೂಗಲೂ ಇಲ್ಲ. ಹಾವೇರಿಯ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲೆ, ಕಾಲ ಬಳಿ ಆ ಚೀಲ, ಒಂದು ಮೂಲೆಯಷ್ಟೇ ಒದ್ದೆ.

ಚೀಲವಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಬದುಕುತ್ತಿರಲಿಲ್ಲ ಎಂದೂ ಹೇಳಲಾರೆ. ಈ ಎರಡರ ನಡುವೆಯೇ ನನ್ನ ಐದು ವರ್ಷ ಹೋಗಿದೆ.

ದಿನಕರ್ಮ ಮುಗಿದ ಮರುದಿನ ಮೈದುನ ಬಸವರಾಜ ಹರಿದ ಹಗ್ಗ ಹೊತ್ತು ನನ್ನನ್ನೂ ಕರೆದುಕೊಂಡು ನಿಮ್ಮಲ್ಲಿಗೆ ಬಂದ. ಹಗ್ಗವನ್ನು ನಿಮ್ಮ ಕಾಲ ಬಳಿ ಒಗೆದ. "ಸುಳ್ಳ ಮಾಲು ಕೊಟ್ಟು ಮನಿ ಮುರಿದ್ರಿ" ಎಂದ. ಜನ ಸೇರಿದರು. ನೀವು ಅವನ ಕಡೆ ತಿರುಗದೆ ನನ್ನನ್ನೇ ನೋಡಿ ಕೇಳಿದಿರಿ, ಮೆಲ್ಲಗೆ.

"ಚೀಲ ಹಾಕಿದ್ರೇನ್ರಿ, ಅಕ್ಕಾರ?"

"ಹಾಕಿದ್ನಿರಿ."

ನೀವು ಬಗ್ಗಿ, ಹಗ್ಗವನ್ನು ನಿಧಾನವಾಗಿ ಸುತ್ತಿ ಎತ್ತಿಕೊಂಡು ಒಳಗೆ ಹೋದಿರಿ. ಆ ಹಗ್ಗ ಒಮ್ಮೆ ಐರಣಿಯಲ್ಲಿ ಕಲ್ಲಿಗೆ ತಿಕ್ಕಿ ಎರಡು ಮೂರು ಎಳೆ ಕಿತ್ತಿತ್ತು — ಇದೂ ನಮಗೆ ಗೊತ್ತಿತ್ತು. ಇದನ್ನೂ ಹೇಳಲಿಲ್ಲ. ಮನೆಗೆ ಬಂದವಳು ಆ ಚೀಲ ಜಾಡಿಸಿ, ಅದರಲ್ಲಿ ಕಾಯಿ ತುಂಬಿ, ಬಾಯಿ ಹೊಲಿದು, ಉಳಿದ ಚೀಲಗಳ ಜೊತೆ ಬ್ಯಾಡಗಿ ಮಾರುಕಟ್ಟೆಗೆ ಕಳಿಸಿದೆ. ಅಲ್ಲಿಯ ಸಾವಿರ ಚೀಲಗಳ ನಡುವೆ ಅದು ಕಳೆದುಹೋಯಿತು. ಕಳೆದುಹೋಯಿತು ಎಂದುಕೊಂಡೆ.

ಆಮೇಲೆ ಜೀಪಿನವರು ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದು ಬಿಟ್ಟರಂತೆ. ನೀವು ವಿಂಚು, ಹಗ್ಗ ಮಾರುವುದನ್ನೇ ನಿಲ್ಲಿಸಿ ಆಯಿಲ್ಲು, ಬಲ್ಬು, ಬೆಲ್ಟಿಗೆ ಇಳಿದಿರಂತೆ. ಇಷ್ಟು ಕೇಳಿಯೂ ಸುಮ್ಮನಿದ್ದೆ. ಇನ್ನೂ ಸುಮ್ಮನೇ ಇರುತ್ತಿದ್ದೆನೇನೋ. ಅದನ್ನೂ ಮುಚ್ಚಿಡುವುದಿಲ್ಲ.

ಹೋದ ವಾರ ಬಸವರಾಜ ಕೊಟ್ಟಿಗೆಯಿಂದ ಜೀಪು ಹೊರಗೆ ತೆಗೆದ. ಮತ್ತೆ ವಿಂಚ್ ಕೂರಿಸುತ್ತಾನಂತೆ. ಬೇಕಾದ ಸಾಮಾನನ್ನೆಲ್ಲ ಹಾಳೆಯಲ್ಲಿ ಬರೆದು, "ನಿಮಗ ಗೊತ್ತೈತೆಲ್ಲ ಅತ್ತಿಗೆವ್ವಾ, ಏನರ ಬಿಟ್ಟೈತೇನ ನೋಡ್ರಿ" ಎಂದು ನನ್ನ ಕೈಗಿತ್ತ. ಪಟ್ಟಿ, ಕೊಂಡಿ, ಕೈಗವಸು, ಉಕ್ಕಿನ ಹಗ್ಗ. ಮತ್ತೆ ಉಕ್ಕಿನದೇ. ಕೊನೆಗೆ ಹಗ್ಗದ ಹೊದಿಕೆ ಎಂದು ಬರೆದು, ಅದರ ಮೇಲೆ ಗೀಟು ಎಳೆದಿದ್ದ.

"ಇದನ್ಯಾಕ ಹೊಡದ್ಹಾಕಿ?" ಎಂದೆ.

"ಚೀಲ ಹಾಕಿದ್ರೂ ಅಣ್ಣ ಹೋದ. ಇನ್ನ ಅದನ್ನ ಹಾಕಿದ್ರೆಷ್ಟು, ಬಿಟ್ರೆಷ್ಟು."

ಹಾಳೆ ನನ್ನ ಕೈಯಲ್ಲೇ ಉಳಿಯಿತು. ನನ್ನ ಸುಳ್ಳು ನಿಮ್ಮ ಅಂಗಡಿಯನ್ನಷ್ಟೇ ತಿಂದಿತು ಎಂದುಕೊಂಡಿದ್ದೆ — ಅದು ನಮ್ಮ ಮನೆಯಲ್ಲೇ ಕೂತು ಇವನಿಗೆ ಪಾಠ ಹೇಳಿಕೊಟ್ಟಿತ್ತು. ನಾಳೆ ಇವನು ಅದೇ ಬಂಪರಿನ ಪಕ್ಕ ನಿಲ್ಲುತ್ತಾನೆ. ಅವನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಕೇಳುತ್ತ ಮೂರು ದಿನ ಕಳೆದೆ. ಫೋನು ಗುಣುಗುಟ್ಟಿದರೆ ಬಾಗಿಲಿಗೆ ಓಡುತ್ತಿದ್ದೆ. ಯಾರೋ ಇವನನ್ನು ಕರೆದರು, ಇವನು ಹೊರಟ ಎಂದು. ವಿಂಚ್ ಇನ್ನೂ ಬಂದೇ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಇವತ್ತು ಮುಂಜಾನೆ ಅವನು ಊಟಕ್ಕೆ ಕೂತಾಗ ಹೇಳಿದೆ. "ಬಸು, ನಾ ಅವತ್ತು ಚೀಲ ಹಾಕಿದ್ದಿಲ್ಲೋ." ಅಷ್ಟೇ ಹೇಳಿದೆ. ಕೈ ಸುಲಿದಿತ್ತು ಎನ್ನಲಿಲ್ಲ. ಇಲ್ಲಿ ನಿಮಗೆ ಬರೆದದ್ದೂ ನೆವಕ್ಕಲ್ಲ, ನಡೆದದ್ದು ತಿಳಿಯಲಿ ಎಂದು. ಕೈ ಉರಿದರೆ ಮನೆಗೆ ಬಂದು ಬೂದಿಗೆ ಒರೆಸಿಕೊಳ್ಳಬಹುದಿತ್ತು. ಪ್ರತಿ ಸುಗ್ಗಿಯಲ್ಲೂ ಒರೆಸಿಕೊಂಡಿದ್ದೇನೆ.

ಅವನು ತುತ್ತು ಗಂಗಾಳದಲ್ಲೇ ಇಟ್ಟು ಎದ್ದ. ಬೈಯಲಿಲ್ಲ. ಅಂಗಳಕ್ಕೆ ಹೋಗಿ ಜೀಪಿಗೆ ಬೆನ್ನು ಕೊಟ್ಟು ನಿಂತ. ಒಳಗೆ ಬಂದವನು ನನ್ನ ಮುಖ ನೋಡದೆ ಒಂದೇ ಮಾತು ಕೇಳಿದ.

"ಆ ಹಿರ್‍ಯಾನ ಕಾಲಾಗ ಹಗ್ಗ ಒಗದಾಂವ ನಾನು. ಈಗ ಅವರ ಮುಂದ ಹೆಂಗ ನಿಂದರ್ಲಿ?"

ಅವನು ನಿಲ್ಲಬೇಕಾಗಿಲ್ಲ, ಗುರಣ್ಣಾರೇ. ನಿಲ್ಲಬೇಕಾದವಳು ನಾನು. ಅವನು ಆ ಹಾಳೆಯಲ್ಲಿ ಹೊದಿಕೆಯನ್ನು ಮತ್ತೆ ಬರೆದಿದ್ದಾನೆ. ಹಗ್ಗ ಉಕ್ಕಿನದೇ ಇರಲೋ, ನೂಲಿನಂಥದ್ದು ಎಂದು ಬರೆಯಲೋ ನೀವೇ ಹೇಳಬೇಕು — ಹೇಳಲು ನಿಮಗೆ ಮನಸ್ಸಿದ್ದರೆ. ಇಲ್ಲದಿದ್ದರೂ ಬರುತ್ತೇನೆ.

ಕ್ಷಮಿಸಿ ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ. ಅದು ಮುಚ್ಚಿದ ಮಾತಾಗುತ್ತದೆ, ನಾನು ನಿಮ್ಮ ಹೆಸರು ಕೆಡಿಸಿದ್ದು ಜನರೆದುರು. ಬರುವ ಸೋಮವಾರ, ಅಂಗಡಿಯಲ್ಲಿ ಗಿರಾಕಿಗಳಿರುವ ಹೊತ್ತಿಗೆ ಬಂದು ಅದೇ ಕಟ್ಟೆಯ ಮೇಲೆ ನಿಲ್ಲುತ್ತೇನೆ. ನೀವು ಅವತ್ತಿನ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿ. ಮೆಲ್ಲಗೆ ಬೇಡ, ಎಲ್ಲರಿಗೂ ಕೇಳುವ ಹಾಗೆ ಕೇಳಿ.