ಅಜ್ಜಿ ಕಾರಿನಿಂದ ಇಳಿದು ಕುಳಿತದ್ದು

ನೆರೆಮನೆಯವರು ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೊರಟಿದ್ದಾರೆ. "ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ" ಎಂಬ ಅವರ ಸಂದೇಶ ಬೆಳಿಗ್ಗೆ ವಾಟ್ಸಾಪಿನಲ್ಲಿ ಬಂತು, ಊರಿಗೆಲ್ಲ ಒಟ್ಟಿಗೆ ಕಳಿಸಿದ್ದು. ಓದುತ್ತಿದ್ದಂತೆ, ಎಷ್ಟೋ ವರ್ಷಗಳ ಹಿಂದೆ ಸಿದ್ಧಕಟ್ಟೆಯ ನಮ್ಮ ಅಂಗಳದಲ್ಲಿ ನಿಂತಿದ್ದ ಬಾಡಿಗೆ ಕಾರಿನ ಪೆಟ್ರೋಲ್ ವಾಸನೆ ಮೂಗಿಗೆ ಬಡಿದಂತಾಯಿತು.

ಅಜ್ಜಿ ಹಜ್ಜಿಗೆ ಹೊರಟ ದಿನ ಅದು. ಬೊಂಬಾಯಿವರೆಗೆ ಕಾರು, ಅಲ್ಲಿಂದ ಹಡಗು. ಬೆಳಿಗ್ಗೆಯೇ ಟಯರ್ ಪಂಚರಾಯಿತು. ಮಾವ ಅದನ್ನು ಬಂಟ್ವಾಳಕ್ಕೆ ಒಯ್ದು ಸರಿಮಾಡಿಸಿ ತಂದರು. ಅಷ್ಟರಲ್ಲಿ ರೇಡಿಯೇಟರ್ ಸೋರತೊಡಗಿತು. ಡ್ರೈವರ್ ತೂತಿಗೆ ಬಟ್ಟೆ ಸೋಪು ಮೆತ್ತಿದ. ಅಂತೂ ಮಧ್ಯಾಹ್ನ ಕಾರು ಸ್ಟಾರ್ಟ್ ಆಯಿತು. ನೋಯಿಸಿದವರ ಮಾಫ್ ಪಡೆಯದೆ ಹಜ್ಜಿಗೆ ಹೋಗಬಾರದೆಂದು ಎಲ್ಲರ ಹತ್ತಿರ ಮಾಫ್ ಕೇಳಿ ಕಾರು ಹತ್ತಿದ್ದ ಅಜ್ಜಿ ನನ್ನನ್ನು ಕರೆದರು.

"ಕೊಡಪಾನ ಬಾವಿಗೆ ಬಿದ್ದದ್ದಕ್ಕೆ ಮೊನ್ನೆ ನಿನಗೆ ಹೊಡೆದೆ. ಬೀಳಿಸಿದ್ದು ನೀನಲ್ಲ ಅಂತ ಮತ್ತೆ ಗೊತ್ತಾಯಿತು. ಮಾಫ್ ಮಾಡ್ತೀಯಾ ಮಗಳೇ?"

ನನಗೆ ಏಳು ವರ್ಷ. ಬೆನ್ನಿನ ಉರಿ ಇನ್ನೂ ಆರಿರಲಿಲ್ಲ. "ಇಲ್ಲ" ಎಂದೆ.

ತಾಯಿ ನನ್ನ ತೋಳು ಚಿವುಟಿದರು.

"ಅವಳಿಗೆ ಜೋರು ಮಾಡಬೇಡ. ಹೆದರಿಸಿ ಹೇಳಿಸಿದರೆ ಅದು ಮಾಫ್ ಅಲ್ಲ" ಎಂದ ಅಜ್ಜಿ ಕಾರಿನಿಂದ ಇಳಿದು ಜಗಲಿಯಲ್ಲಿ ಕುಳಿತುಬಿಟ್ಟರು.

"ಹಡಗು ನಮಗೆ ಕಾಯುದಿಲ್ಲ" ಎಂದು ಮಾವ ಗೋಗರೆದರು. ಅಜ್ಜಿ ಅಲುಗಲಿಲ್ಲ. ಬಿಸಿಲು ಇಳಿಯಿತು. ಎಲ್ಲರ ಕಣ್ಣೂ ನನ್ನ ಮೇಲೆ. ಕೊನೆಗೆ ತಡೆಯಲಾರದೆ, "ಮಾಫ್ ಮಾಡಿದೆ, ಮನಸ್ಸಿನಿಂದಲೇ" ಎಂದೆ. ಅಜ್ಜಿ ನನ್ನ ತಲೆ ನೇವರಿಸಿ, ನಿಶ್ಚಿಂತೆಯಿಂದ ಕಾರು ಹತ್ತಿದರು.

ಅವರು ಹಿಂತಿರುಗಲಿಲ್ಲ. ಮಕ್ಕಾದಲ್ಲೇ ಮಣ್ಣಾದರು. ಪುಣ್ಯವಂತೆ ಎಂದರು ಊರವರು.

ನೆರೆಮನೆಯವರಿಗೆ "ಮಾಫ್ ಮಾಡಿದ್ದೇನೆ" ಎಂದು ಈಗಷ್ಟೇ ಬರೆದು ಕಳಿಸಿದೆ. ಅಂದು ಅಜ್ಜಿಗೆ ಹೇಳಿದ್ದು ಸುಳ್ಳು. ಅದಕ್ಕೆ ಮಾಫ್ ಕೇಳೋಣವೆಂದರೆ ಅಜ್ಜಿಯಿಲ್ಲ.